ಚಿಕ್ಕಮ್ಮನ ಸೀಮಂತ ಮತ್ತು ಹಿಟ್ಟಿನ ಹುಳ

ನಮ್ಮಪ್ಪ ಮಿಡಿಗೇಶಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಹತ್ತನೇ ತರಗತಿಯನ್ನು ನಾನು ಅವರ ಕೈಕೆಳಗೇ ಓದಿದೆ. ಮನೆಯಲ್ಲಿ ಮಾತಾಡಿದರೆ ಮುತ್ತು ಉದುರೀತು ಎನ್ನುವಂತಿರುತ್ತಿದ್ದ ಮನುಷ್ಯ ಬೋರ್ಡಿನ ಮುಂದೆ ನಿಂತರೆ ಬೇರೆಯೇ ಆಗಿಬಿಡುತ್ತಿದ್ದರು. ಮಠದ ತೋಟದಲ್ಲಿ ಬಟಾಣಿ ಬೆಳೆದು ಅನುವಂಶೀಯತೆಯ ಗುಟ್ಟು ಕಂಡುಹಿಡಿದ ಸನ್ಯಾಸಿಯ ಮಾತನ್ನು, ಅವನು ಬದುಕಿರುವ ತನಕ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ಹೇಳುವಾಗ ಅವರು ಬೋರ್ಡಿನ ಕಡೆ ತಿರುಗಿ ಕಣ್ಣೊರೆಸಿಕೊಂಡದ್ದನ್ನು ನಾನೇ ಕಂಡಿದ್ದೇನೆ.

ಮಗು ಗಂಡೋ ಹೆಣ್ಣೋ ಹೇಗೆ ತೀರ್ಮಾನವಾಗುತ್ತದೆ ಎಂಬ ಪಾಠದ ದಿನ ಬೆಂಕಿಪೊಟ್ಟಣದಲ್ಲಿ ಹುಳ ತಂದಿದ್ದರು. ನಮ್ಮನೆ ರವೆ ಡಬ್ಬದವೇ. ಬೆಳಿಗ್ಗೆ ಅಮ್ಮ ಜರಡಿ ಹಿಡಿದು ಆರಿಸಿಕೊಟ್ಟಿದ್ದಳು. "ನಿಮ್ ಪಾಠಕ್ಕೆ ನಮ್ಮನೆ ಹುಳಾನೇ ಆಗ್ಬೇಕಾ? ಹುಡುಗ್ರು ಏನಂದ್ಕೊಂಡಾರು!" ಎಂದು ನಕ್ಕಿದ್ದಳು.

ಇದರ ದೊಡ್ಡಣ್ಣನಂಥ ಹಿಟ್ಟಿನ ಹುಳವನ್ನು ನೂರು ವರ್ಷಕ್ಕೂ ಹಿಂದೆ ಒಬ್ಬ ಹೆಂಗಸು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಳಂತೆ. ಗಂಡು ಹುಳದ ಕಣದಲ್ಲಿ ಒಂದು ವರ್ಣತಂತು ಮಾತ್ರ ಪುಟ್ಟದಾಗಿತ್ತು. ಆ ಪುಟ್ಟದ್ದು ತಂದೆಯಿಂದ ಬಂದರೆ ಗಂಡು, ಬಾರದಿದ್ದರೆ ಹೆಣ್ಣು. ಅವಳು ಕಂಡದ್ದರ ಹೆಸರು ಬಹಳ ಕಾಲ ಗಂಡಸರಿಗೇ ಹೋಯಿತು ಎನ್ನುವಾಗ ಅಪ್ಪನಿಗೆ ಸಿಟ್ಟೇ ಬಂತು. "ಮನುಷ್ಯರಲ್ಲೂ ಹಾಗೇ. ತಾಯಿ ಕೊಡೋದು ಯಾವಾಗ್ಲೂ ಎಕ್ಸ್. ವೈ ಬರೋದಿದ್ರೆ ತಂದೆಯಿಂದ್ಲೇ. ಹೆಣ್ಣು ಹೆತ್ತಳು ಅಂತ ಹೆಂಡ್ತಿಯನ್ನ ಬಯ್ಯೋನಷ್ಟು ದಡ್ಡ ಇನ್ನೊಬ್ಬನಿಲ್ಲ" ಎಂದು ಸೀಮೆಸುಣ್ಣದಲ್ಲಿ ಬೋರ್ಡು ಕುಟ್ಟಿದರು. ನಾವು ಮೂವರು ಹೆಣ್ಣುಮಕ್ಕಳು, ನಾನೇ ಹಿರಿಯಳು. ಅವತ್ತು ಅಪ್ಪನ ಮಗಳು ಎಂದು ಬೀಗುತ್ತಾ ಕೂತಿದ್ದೆ.

ಅದೇ ಶಾಲಾ ವರ್ಷ ಸಂಕ್ರಾಂತಿ ಕಳೆದ ಮೇಲೆ ಶಿರಾದಲ್ಲಿ ಚಿಕ್ಕಮ್ಮನ ಸೀಮಂತವಾಯಿತು. ಅಮ್ಮನ ಅವ್ವ ಬೇಗ ತೀರಿಕೊಂಡದ್ದರಿಂದ ಈ ತಂಗಿಗೆ ತಲೆ ಬಾಚಿ, ಜಡೆ ಹಾಕಿ, ಧಾರೆ ಎರೆಸುವವರೆಗೂ ನೋಡಿಕೊಂಡವಳು ನಮ್ಮಮ್ಮನೇ. ಮೊದಲ ಮಡಿಲಕ್ಕಿ ತಾನೇ ತುಂಬಬೇಕೆಂದು ವಾರದಿಂದ ಸಡಗರಪಟ್ಟಿದ್ದಳು. ಹಸಿರು ಸೀರೆ, ಹಸಿರು ಬಳೆ, ಕೊಬ್ಬರಿ ಬಟ್ಟಲು ಎಲ್ಲ ಹೊಂದಿಸಿ ತಂದಿದ್ದಳು. ಮೊರದಿಂದ ಬೊಗಸೆ ತುಂಬ ಅಕ್ಕಿ ಎತ್ತಿಕೊಂಡು ತಂಗಿಯ ಮುಂದೆ ಬಗ್ಗುವಷ್ಟರಲ್ಲಿ ಚಿಕ್ಕಮ್ಮನ ಅತ್ತೆ ತಡೆದರು.

"ನೀನ್ ವಸಿ ಇರಮ್ಮ. ಮೊದ್ಲು ಗಂಡು ಹೆತ್ತೋರು ಹಾಕ್ಲಿ. ನಮ್ ಕಡೆ ಅಂಗೆ ಕಣಮ್ಮ, ತಪ್ಪು ತಿಳ್ಕಾಬ್ಯಾಡ."

ಅಮ್ಮ ಅಕ್ಕಿಯನ್ನು ಮೊರಕ್ಕೆ ಹಾಕಿ ಹಿಂದೆ ಸರಿದಳು. ಬೇಜಾರಿಲ್ಲ ಎಂದು ತೋರಿಸಲು ನಗುತ್ತಿದ್ದಳು. ಆ ನಗು ನೋಡಿ ನನಗೆ ಮೈಯೆಲ್ಲ ಉರಿಯಿತು. ಬಾಗಿಲ ಹತ್ತಿರದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಪ್ಪ ಕೂತಿದ್ದರು. ಎಲ್ಲ ಕೇಳಿಸಿತ್ತು, ಆದರೂ ಮೊಬೈಲಿನಿಂದ ತಲೆ ಎತ್ತಲಿಲ್ಲ. ನಾನೇ ಗಟ್ಟಿಯಾಗಿ ಹೇಳಿಬಿಟ್ಟೆ: "ಗಂಡಾಗೋದು ಹೆಣ್ಣಾಗೋದು ಅಮ್ಮನ ಕೈಲಿಲ್ಲ ಅಜ್ಜಿ, ಅದು ಅಪ್ಪನಿಂದ ಬರೋದು. ಅಪ್ಪನೇ ಕ್ಲಾಸಲ್ಲಿ ಹೇಳ್ಕೊಟ್ಟವ್ರೆ, ಬೇಕಾದ್ರೆ ಕೇಳಿ!"

ಮನೆ ತುಂಬ ಜನ ಅಪ್ಪನ ಕಡೆ ತಿರುಗಿದರು. ಅಪ್ಪ ಹಲ್ಲು ಕಿರಿದರು. "ಅದು ಪರೀಕ್ಷೆಗೆ ಓದೋದು ಕಣಮ್ಮ. ದೊಡ್ಡೋರ ಮಧ್ಯೆ ಅದನ್ನೆಲ್ಲ ತರಬಾರದು."

ಯಾರೋ ಕಿಸಕ್ಕೆಂದರು. ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ನನ್ನ ಮಾತು ಬಿದ್ದುಹೋದದ್ದಕ್ಕಿಂತ ಬೋರ್ಡು ಕುಟ್ಟಿದ್ದ ಆ ಮೇಷ್ಟ್ರು ಇವರೇ ಎಂಬುದಕ್ಕೆ ಹೆಚ್ಚು ನಾಚಿಕೆಯಾಯಿತು.

ಅಮ್ಮ ಮಾತ್ರ ನಗುತ್ತಿರಲಿಲ್ಲ. ಅಪ್ಪನನ್ನೇ ನೋಡುತ್ತಾ, "ಹೌದೇನ್ರೀ?" ಎಂದಳು.

"ಹೂಂ, ಪಾಠದಲ್ಲಿದೆ" ಎಂದರು ಅಪ್ಪ.

"ಮದ್ವೆಗೆ ಮುಂಚಿಂದ್ಲೂ ಇದೇ ಪಾಠ ಮಾಡ್ತಿದ್ರಲ್ವಾ?"

ಅಪ್ಪ ಮತ್ತೆ ಮೊಬೈಲು ನೋಡತೊಡಗಿದರು. ಅಷ್ಟರಲ್ಲಿ ಗಂಡು ಹೆತ್ತವರು ಒಬ್ಬೊಬ್ಬರಾಗಿ ಅಕ್ಕಿ ಹಾಕಿ ಮುಗಿಸಿದ್ದರು. ಕೊನೆಗೆ ಅಮ್ಮನನ್ನು ಕರೆದರು. ಅವಳು ಹೋಗಿ ತುಂಬಿದಳು, ತಂಗಿಯ ಕೆನ್ನೆಗೆ ಅರಿಶಿನ ಹಚ್ಚಿದಳು, ಊಟ ಮಾತ್ರ ಬೇಡವೆಂದಳು.

ಮಧುಗಿರಿ ಬಸ್ಸಿನಲ್ಲಿ ತಂಗಿಯರನ್ನು ಕರೆದುಕೊಂಡು ಅಪ್ಪ ಮುಂದೆ ಕೂತರು. ನಾನು ಅಮ್ಮನ ಪಕ್ಕ ಕೂತೆ. ಒಳಗೊಳಗೇ ಅಪ್ಪನನ್ನು ಬಯ್ಯುತ್ತಿದ್ದೆ. ಇಷ್ಟು ವರ್ಷ ಊರ ಮಕ್ಕಳಿಗೆಲ್ಲ ಹೇಳಿದ್ದನ್ನು ಪಕ್ಕದಲ್ಲಿ ಮಲಗುವವಳಿಗೆ ಹೇಳಲಿಲ್ಲವಲ್ಲ, ಇಂಥವರು ಎಂಥ ಮೇಷ್ಟ್ರು ಎಂದು. ಶಿರಾ ದಾಟಿದ ಮೇಲೆ ಅಮ್ಮ ಕೇಳಿದಳು.

"ನಿಂಗ್ಯಾವಾಗ ಗೊತ್ತಾಯ್ತೇ?"

"ಆಷಾಢದಾಗೆ ಪಾಠ ಆಯ್ತು."

ಅಮ್ಮ ಬೆರಳು ಮಡಿಸಿ ತಿಂಗಳು ಎಣಿಸಿದಳು. "ಅಂಗಾರೆ ಶ್ರಾವಣದಾಗೆ, ಇನ್ನೊಂದಾದ್ರೆ ಗಂಡಾಗ್ಲಿ ಅಂತ ನಾನು ಶನಿವಾರ ಶನಿವಾರ ಒಪ್ಪೊತ್ತು ಇದ್ನಲ್ಲ. ಆಗ ನಿಂಗೆ ಗೊತ್ತಿತ್ತು."

ಗೊತ್ತಿತ್ತು. ಆ ಶನಿವಾರಗಳಲ್ಲಿ ದೀಪಕ್ಕೆ ಬತ್ತಿ ಹೊಸೆದುಕೊಟ್ಟವಳೂ ನಾನೇ.

"ಯಾಕ್ ಹೇಳ್ಲಿಲ್ಲ ನಂಗೆ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯಬೇಕಿತ್ತು ಅವಳಿಗೆ.

ಇದೆಲ್ಲ ಅಮ್ಮನಿಗೆಲ್ಲಿ ಅರ್ಥವಾಗುತ್ತದೆ ಎಂದುಕೊಂಡಿದ್ದೆ. ಅದನ್ನು ಅವಳ ಮುಖ ನೋಡಿ ಹೇಳಲು ನನ್ನಿಂದ ಆಗಲಿಲ್ಲ.