ಅಳೆಯುವುದನ್ನು ಬಿಟ್ಟ ದಂಡೆ

ಉಬಿ ಬಡಾವಣೆಯ ನಮ್ಮ ಆಫೀಸಿನಲ್ಲಿ ನನ್ನ ಕೆಲಸವೆಂದರೆ ಕಡಲಹುಲ್ಲು ಎಲ್ಲಿ ಬೆಳೆಯುತ್ತಿದೆ, ಎಲ್ಲಿ ಸಾಯುತ್ತಿದೆ ಎಂದು ಮ್ಯಾಪಿನಲ್ಲಿ ತೋರಿಸುವುದು. ಅಳೆಯಲಾಗದ ಜಾಗಕ್ಕೆ ಅಕ್ಕಪಕ್ಕದ ದಂಡೆಗಳನ್ನೂ ಹಿಂದಿನ ವರ್ಷಗಳನ್ನೂ ನೋಡಿ ಕಂಪ್ಯೂಟರ್ ಮಾಡೆಲ್‌ನಲ್ಲಿ ಅಂದಾಜು ಕಟ್ಟುತ್ತೇನೆ. ನಾನು ಬಳಸುವ ಬೇಸಿಯನ್ ವಿಧಾನ ಅಂದರೆ ಇಷ್ಟೇ: ಮೊದಲಿಂದ ನಂಬಿದ್ದನ್ನೂ ಹೊಸದಾಗಿ ಕಂಡದ್ದನ್ನೂ ಒಟ್ಟಿಗೆ ತೂಗಿ ನೋಡುವುದು. ನಮಗೆ ಎಷ್ಟು ಗೊತ್ತಿಲ್ಲ ಎಂಬುದಕ್ಕೂ ಬೇರೆ ಒಂದು ಮ್ಯಾಪ್ ಮಾಡುತ್ತೇನೆ. ಅದನ್ನು ಯಾರೂ ನೋಡುವುದಿಲ್ಲ.

ನಮ್ಮ ಮ್ಯಾನೇಜರ್ ಮೈಸೂರು ಕಡೆಯವರು, ಒಳ್ಳೆಯವರೇ. ಒಂದು ದಿನ ನನ್ನ ಮ್ಯಾಪ್ ನೋಡಿ, "ಎಲ್ಲೂ ಗ್ಯಾಪೇ ಇಲ್ವಲ್ರೀ, ಸೂಪರ್. ಹಾಗಿದ್ರೆ ಪಾಸಿರ್ ರಿಸ್ ಬೀಚಿನ ಸರ್ವೇ ಸ್ಟಾಪ್ ಮಾಡೋಣ. ಮಾಡೆಲ್ಲೇ ಹೇಳತ್ತಲ್ಲ," ಅಂದರು.

ನನಗೆ ಮೈ ಉರಿದುಹೋಯಿತು. "ಸರ್, ಗ್ಯಾಪ್ ಇಲ್ದೇ ಇರೋದು ನಾನು ಅಂದಾಜಲ್ಲಿ ತುಂಬಿರೋದ್ರಿಂದ. ನೋಡೋದನ್ನೇ ಬಿಟ್ರೆ ಹುಲ್ಲು ಸತ್ರೂ ಗೊತ್ತಾಗಲ್ಲ," ಅಂದೆ.

"ನೆಕ್ಸ್ಟ್ ಇಯರ್ ನೋಡೋಣ ಬಿಡಿ," ಅಂದರು. ಸರ್ವೇ ನಿಂತಿತು.

ಆ ದಂಡೆಯ ಚಿಂತೆ ಮಾತ್ರ ನನ್ನನ್ನು ಬಿಡಲಿಲ್ಲ. ಲಿಟಲ್ ಇಂಡಿಯಾ ಮಾರ್ಕೆಟ್ಟಿನಲ್ಲಿ ಸೊಪ್ಪು ಆರಿಸುವಾಗಲೂ ಅದೇ ಮಾತು. ಕೊನೆಗೆ ನನ್ನ ಗಂಡ, "ತಲೆ ತಿನ್ಬೇಡ ಕಣೇ, ಹೋಗಿ ನೋಡ್ಕೊಂಡೇ ಬರೋಣ," ಅಂದ. ಒಂದು ಭಾನುವಾರ ಬೆಳಿಗ್ಗೆ, ನೀರು ಇಳಿದ ಹೊತ್ತಿಗೆ ಹೋದೆವು. ಹಿಂದೆಲ್ಲ ಹುಲ್ಲು ತುಳಿದುಬಿಟ್ಟೇವು ಎಂದು ಹೆದರಿ ಹೆದರಿ ಕಾಲಿಡುತ್ತಿದ್ದ ಜಾಗ. ಈಗ ಬರೀ ಮರಳು. ಈ ತುದಿಯಿಂದ ಆ ತುದಿಗೆ ನಡೆದೆ, ಒಂದೆಸಳೂ ಸಿಗಲಿಲ್ಲ. ಅಲ್ಲೇ ನಿಂತು ಅತ್ತೆ. ನಾಚಿಕೆಯೇನೂ ಆಗಲಿಲ್ಲ.

ಸೋಮವಾರ ಕಂಡದ್ದನ್ನು ಸೇರಿಸಿ ಮಾಡೆಲ್ ಓಡಿಸಿದೆ. ಮ್ಯಾಪಿನಲ್ಲಿ ಹುಲ್ಲಿದೆ ಎಂದು ತೋರಿಸುವ ಹಸಿರು ಒಂಚೂರು ತಿಳಿಯಾಯಿತು, ಅಷ್ಟೇ. ಅಕ್ಕಪಕ್ಕದ ದಂಡೆಗಳಲ್ಲಿ ಹುಲ್ಲು ಚೆನ್ನಾಗಿತ್ತು, ಈ ದಂಡೆಯಲ್ಲೂ ಹಿಂದಿನ ವರ್ಷಗಳಲ್ಲಿ ಚೆನ್ನಾಗಿತ್ತು. ಅವೆಲ್ಲದರ ಎದುರು ನನ್ನ ಒಂದು ಬೆಳಗಿಗೆ ಏನು ತೂಕ? ನಾನೇ ಕೂತು ಕಟ್ಟಿದ ಮಾಡೆಲ್ ನನ್ನ ಕಣ್ಣನ್ನೇ ನಂಬಲಿಲ್ಲ.

ಆದರೂ ಮ್ಯಾನೇಜರ್ ಹತ್ತಿರ ಹೋದೆ. "ಸರ್ವೇ ಮತ್ತೆ ಶುರು ಮಾಡಿ ಸರ್. ಅಲ್ಲಿ ಏನೂ ಉಳಿದಿಲ್ಲ, ಕಣ್ಣಾರೆ ನೋಡ್ಕೊಂಡ್ ಬಂದಿದೀನಿ."

ಅವರು ನನ್ನ ಸ್ಕ್ರೀನಿನ ಕಡೆ ಬಗ್ಗಿದರು. "ಇನ್ನೂ ಗ್ರೀನೇ ಇದೆಯಲ್ರೀ. ಒಂದ್ಸಲ ನೋಡಿದ್ದನ್ನ ನಂಬಿ ಕುಣೀಬಾರ್ದು ಅಂತ ನಮಗೆಲ್ಲ ಹೇಳ್ಕೊಟ್ಟಿದ್ದು ನೀವೇ ತಾನೇ?"

ಹೌದು, ನಾನೇ. ಅವರು ಕೊಂಕು ಮಾತಾಡುತ್ತಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದರು. ಆ ವರ್ಷದ ವರದಿಯಲ್ಲಿ ಪಾಸಿರ್ ರಿಸ್ ಹಸಿರಾಗಿಯೇ ಹೋಯಿತು, ಕೆಳಗೆ ನನ್ನ ಸಹಿಯ ಜೊತೆ.