ಯಂತ್ರ ತಾನೇ ಹೇಳಿಕೊಂಡ ‘ಹೌದು’

ಧರ್ಮಪುರಿ ಹತ್ತಿರದ ಪಾಲಕೋಡಿನ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಪಟ್ಟಾ ನಕಲು, ಆಧಾರ್ ತಿದ್ದುಪಡಿ, ಟೊಮ್ಯಾಟೊ ಮಂಡಿಯವರ ಬೋರ್ಡು, ದಿನವಿಡೀ ಇದೇ ಕೆಲಸ. ಹೋದ ವರ್ಷ ಅಲ್ಲಿಗೆ ಒಬ್ಬಳು ಹುಡುಗಿ ಲ್ಯಾಪ್‌ಟಾಪ್ ಹಿಡಿದು ಬಂದಳು. ನಾನು ಮದುವೆಯಾದ ಹೊಸತರಲ್ಲಿ ಧರ್ಮಪುರಿಯ ಒಂದು ಸೇವಾಸಂಸ್ಥೆಯಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದೆ. ಅದು ಮುಚ್ಚಿ ಎಷ್ಟೋ ಕಾಲವಾಯಿತು. ಅದರ ಕಾಗದಪತ್ರಗಳೆಲ್ಲ ಈಗ ಈ ಹುಡುಗಿ ಕೆಲಸ ಮಾಡುವ ಯೋಜನಾ ಕಚೇರಿಗೆ ಸೇರಿವೆಯಂತೆ. ಊರ ಸಭೆಗಳಲ್ಲಿ ತೀರ್ಮಾನ ಮಾಡಲು ನಾವು ಬಳಸುತ್ತಿದ್ದ ಹಳೆಯ ಸಾಫ್ಟ್‌ವೇರನ್ನು ದಾಖಲಿಸಬೇಕು, ಅದನ್ನು ನಡೆಸಲು ಬಲ್ಲವರಲ್ಲಿ ಉಳಿದಿರುವವರು ನೀವೊಬ್ಬರೇ ಎಂದಳು.

ಕೇಳಿ ನನಗೆ ಹಿಗ್ಗಾಯಿತು. ಕೂರಿಸಿ ಟೀ ತರಿಸಿದೆ. ಟೀ ಮುಗಿಯುವಷ್ಟರಲ್ಲಿ ತಿಳಿಯಿತು, ಅವಳಿಗೆ ಬೇಕಾಗಿದ್ದುದು ಆ ಸಾಫ್ಟ್‌ವೇರ್ ಬರೆದ ಕೊನೆಯ ನಕ್ಷೆಗಳು ಮಾತ್ರ. “ಮಿಚ್ಚಮೆಲ್ಲಾಂ ವೇಂಡಾಂ ಮೇಡಂ, ಅದು ಜಂಕ್” ಎಂದಳು. ಮಿಕ್ಕದ್ದೆಲ್ಲ ಕಸ, ಬೇಡವಂತೆ. ನನಗೆ ಮೈಯೆಲ್ಲ ಉರಿದುಹೋಯಿತು.

ಆ ಸಾಫ್ಟ್‌ವೇರ್ ಏನು ಮಾಡುತ್ತಿತ್ತು ಎಂದು ಹೇಳದಿದ್ದರೆ ನನ್ನ ಉರಿ ಯಾರಿಗೂ ಅರ್ಥವಾಗುವುದಿಲ್ಲ. ಊರಿಗೊಂದು ದೊಡ್ಡ ತೊಂದರೆ ಇದೆ ಎನ್ನಿ. ಅದನ್ನು ನೀಗಲು ಜನ ಸೂಚಿಸಿದ ಕೆಲಸಗಳನ್ನೆಲ್ಲ ನಾನು ಅದಕ್ಕೆ ತುಂಬಿಸುತ್ತಿದ್ದೆ. ಅದು ಎರಡೆರಡನ್ನು ಜೋಡಿ ಮಾಡಿ, ಇದನ್ನು ಮಾಡಿದರೆ ಅದಕ್ಕೆ ಅನುಕೂಲವಾಗುತ್ತದೆಯೇ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ನಾನು ಆ ಪ್ರಶ್ನೆಯನ್ನು ಮೊದಲು ತಮಿಳಿನಲ್ಲಿ, ಆಮೇಲೆ ಕನ್ನಡದಲ್ಲಿ ಗಟ್ಟಿಯಾಗಿ ಹೇಳುತ್ತಿದ್ದೆ. ಜನ ವಾದ ಮಾಡಿ ಕೈ ಎತ್ತುತ್ತಿದ್ದರು. ನಾನು ‘ಹೌದು’ ಅಥವಾ ‘ಇಲ್ಲ’ ಒತ್ತುತ್ತಿದ್ದೆ. ಯಾವ ಕೆಲಸ ಬುಡದಲ್ಲಿದೆ, ಯಾವುದು ಅದನ್ನು ನೆಚ್ಚಿಕೊಂಡಿದೆ ಎನ್ನುವ ನಕ್ಷೆ ಕೊನೆಯಲ್ಲಿ ಬರುತ್ತಿತ್ತು. ಬಾಯಿ ಜೋರಿನ ಗೌಡರೂ ಆ ಪ್ರಶ್ನೆ ಬರುವವರೆಗೆ ಬಾಯಿ ಮುಚ್ಚಿಕೊಂಡು ಕೂರಬೇಕಿತ್ತು. ಅದಕ್ಕೇ ನನಗೆ ಅದರ ಮೇಲೆ ಪ್ರೀತಿ.

ಎಲ್ಲ ಜೋಡಿಗಳನ್ನೂ ಅದು ಕೇಳುತ್ತಿರಲಿಲ್ಲ. ಕೇಳುತ್ತ ಹೋದರೆ ಮೂರು ದಿನವಾದರೂ ಸಭೆ ಮುಗಿಯುತ್ತಿರಲಿಲ್ಲ. ಮೊದಲನೆಯದರಿಂದ ಎರಡನೆಯದಕ್ಕೆ ಅನುಕೂಲ, ಎರಡನೆಯದರಿಂದ ಮೂರನೆಯದಕ್ಕೆ ಅನುಕೂಲ ಎಂದು ಜನ ಹೇಳಿದ್ದರೆ, ಮೊದಲನೆಯದರಿಂದ ಮೂರನೆಯದಕ್ಕೂ ಅನುಕೂಲ ಎಂದು ತಾನೇ ಬರೆದುಕೊಳ್ಳುತ್ತಿತ್ತು. ಹಾಗೆಂದು ಅದನ್ನು ಮಾಡಿದವರು ಮೋಸಗಾರರಲ್ಲ. ಜನರ ಬಾಯಿಂದ ಬಂದ ಉತ್ತರದ ಪಕ್ಕ ಒಂದು ಚುಕ್ಕಿ ಇಡುತ್ತಿತ್ತು, ತಾನು ಊಹಿಸಿದ್ದರ ಪಕ್ಕ ಇಡುತ್ತಿರಲಿಲ್ಲ. ಸಭೆ ಮುಗಿಯುವ ಮೊದಲು, ಚುಕ್ಕಿ ಇಲ್ಲದವನ್ನು ಜನರಿಗೆ ಓದಿ ಹೇಳುತ್ತೀರಾ ಎಂದು ಒಂದು ಸಲ ಕೇಳುತ್ತಿತ್ತು. ಕೊನೆಯ ನಕ್ಷೆಯಲ್ಲಿ ಮಾತ್ರ ಚುಕ್ಕಿಗಳು ಕಾಣುತ್ತಿರಲಿಲ್ಲ. ಈ ಹುಡುಗಿ ಕಸ ಎಂದದ್ದು ಆ ಚುಕ್ಕಿಗಳಿದ್ದ ಕಡತವನ್ನು.

ಅವಳು ಲ್ಯಾಪ್‌ಟಾಪ್ ತಿರುಗಿಸಿ ಒಂದು ನಕ್ಷೆ ತೋರಿಸಿದಳು. ಅದು ನನ್ನ ತವರೂರಿನ ಕೆರೆಯದು. ಪೆನ್ನಾಗರದ ಕಡೆ, ಹೊಗೆನಕಲ್ಲಿಗೆ ಹೋಗುವ ದಾರಿಯಿಂದ ಒಳಗೆ, ಗುಡ್ಡದ ಬುಡದಲ್ಲಿ ನಮ್ಮ ಕುರಿಯವರ ಹಟ್ಟಿ. ಅದರ ಕೆಳಗೆ ಬೇಸಾಯದವರ ಎರಡು ಊರು, ಮೂರಕ್ಕೂ ಒಂದೇ ಕೆರೆ. ನಕ್ಷೆಯ ಬುಡದಲ್ಲಿ ‘ಗುಡ್ಡಕ್ಕೆ ಕುರಿ ಬಿಡದಿರುವುದು’ ಎಂದಿತ್ತು. ಅಲ್ಲಿಂದ ಹೊರಟ ಗೆರೆ ನೇರವಾಗಿ ‘ಕೆರೆ ತುಂಬುವುದು’ ಎನ್ನುವಲ್ಲಿಗೆ ಹೋಗಿತ್ತು. ಕುರಿ ನಿಲ್ಲಿಸಿದರೆ ಕೆರೆ ತುಂಬುತ್ತದೆ ಎಂದು ಊರವರೇ ತೀರ್ಮಾನ ಮಾಡಿದ್ದಾರೆ, ಆದ್ದರಿಂದ ಗುಡ್ಡಕ್ಕೆ ಬೇಲಿ ಹಾಕುತ್ತಿದ್ದೇವೆ ಎಂದಳು. ಬೇಲಿ ಬರುವ ಜಾಗಕ್ಕೆ ಹಿಂದಿನ ದಿನ ತಾನೇ ಸುಣ್ಣದ ಗೆರೆ ಎಳೆದಿದ್ದರಂತೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ, ಅಂಥ ಬುದ್ಧಿವಂತರು ಇವರು.

ಆ ಗುಡ್ಡ ಹೋದರೆ ನಮ್ಮ ಹಟ್ಟಿಯಲ್ಲಿ ಕುರಿ ಸಾಕುವುದು ಮುಗಿದಂತೆ, ಬೇರೆ ಮೇವಿಲ್ಲ. ಅಮ್ಮ ಸತ್ತ ಮೇಲೆ ನನ್ನನ್ನು ಬೆಳೆಸಿದ ಚಿಕ್ಕಮ್ಮ ಆ ಗುಡ್ಡದಲ್ಲೇ ಕುರಿ ಮೇಯಿಸಿ ಬದುಕಿದವಳು. ಈ ನಕ್ಷೆ ಹುಟ್ಟಿದ ಹಳೆಯ ಸಭೆಗೂ ಅವಳು ಬಂದಿದ್ದಳು. ಕುರಿ ಬಿಡದಿದ್ದರೆ ನೆಟ್ಟ ಸಸಿ ಉಳಿಯಲು ಅನುಕೂಲವೇ ಎಂದು ನಾನು ಕೇಳಿದಾಗ, ಕುರಿಯವರಲ್ಲಿ ಮೊದಲು ಕೈ ಎತ್ತಿದವಳೇ ಅವಳು.

“ಎಳೇ ಗಿಡ ಕಂಡ್ರೆ ಕುರಿ ತಿಂತದೆ. ಇದ್ಕೆ ಸುಳ್ ಏಳಾಕಾಯ್ತದಾ?” ಎಂದಿದ್ದಳು.

ಸಸಿ ಬೆಳೆದರೆ ಹೂಳು ಕಡಿಮೆಯಾಗುತ್ತದೆಯೇ ಎಂದಾಗಲೂ, ಹೂಳು ಕಡಿಮೆಯಾದರೆ ಕೆರೆ ತುಂಬುತ್ತದೆಯೇ ಎಂದಾಗಲೂ ಎಲ್ಲರೂ ಕೈ ಎತ್ತಿದ್ದು ನನಗೆ ನೆನಪಿದೆ. ಕುರಿಯನ್ನೂ ಕೆರೆಯನ್ನೂ ಜೋಡಿಸಿ ಕೇಳಿದ್ದು ಮಾತ್ರ ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಆ ಯೋಜನೆ ಆಗ ಮಂಜೂರಾಗದೆ ನಕ್ಷೆ ಬೀರು ಸೇರಿತ್ತು. ಇಷ್ಟು ವರ್ಷ ಅದರ ಗೋಜು ಯಾರಿಗೂ ಇರಲಿಲ್ಲ.

ಹುಡುಗಿಯನ್ನು ಕಳಿಸಿ ಅಟ್ಟದ ಮೇಲಿನ ಸ್ಟೀಲ್ ಡಬ್ಬಿ ಇಳಿಸಿದೆ. ಅದರಲ್ಲಿ ಆ ಸಾಫ್ಟ್‌ವೇರಿನ ಫ್ಲಾಪಿಗಳು, ಸಭೆಗಳ ಕಡತದ ಫ್ಲಾಪಿಗಳು, ಕೈಪಿಡಿಯ ಜೆರಾಕ್ಸ್ ಪ್ರತಿ ಎಲ್ಲ ಇದ್ದವು. ಕೆಲವು ಫ್ಲಾಪಿಗೆ ಬೂಷ್ಟು ಹಿಡಿದಿತ್ತು. ಅವುಗಳನ್ನು ಓದುವ ಡ್ರೈವ್ ಈಗ ಎಲ್ಲಿ ಸಿಗಬೇಕು? ಸೇಲಂನ ಗುಜರಿ ಅಂಗಡಿಗಳನ್ನೆಲ್ಲ ಅಲೆದು ಒಂದನ್ನು ಹುಡುಕಿ ತಂದೆ. ಫ್ಲಾಪಿಯ ಹೊದಿಕೆ ಬಿಚ್ಚಿ, ಒಳಗಿನ ತಟ್ಟೆ ಒರೆಸಿ, ಆರಿಸಿ, ಮತ್ತೆ ತೂರಿಸಿದೆ. ಹೊಸ ಕಂಪ್ಯೂಟರನ್ನು ಹಳೆಯದರಂತೆ ನಟಿಸುವ ಹಾಗೆ ಮಾಡುವ ಪ್ರೋಗ್ರಾಂ ಹಾಕಿಕೊಂಡೆ. ಒಂದೊಂದು ಪರದೆಯನ್ನೂ ನೋಡಿ, ಯಾವ ಕೀಲಿ ಏನು ಮಾಡುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಹೋದೆ. ಬೇಕಾದ್ದನ್ನು ಕಿತ್ತುಕೊಂಡು ಉಳಿದದ್ದನ್ನು ಕಸ ಎನ್ನುವುದಕ್ಕೆ ದಾಖಲಾತಿ ಎನ್ನುವುದಿಲ್ಲ. ಗಿರಾಕಿಗಳು ಬೈದುಕೊಂಡು ಪಕ್ಕದ ಅಂಗಡಿಗೆ ಹೋದರು. ಹೋಗಲಿ ಎಂದೆ. ಹೀಗೆ ಒಂದೂವರೆ ತಿಂಗಳು ಕಳೆಯಿತು.

ಕೊನೆಗೂ ಕೆರೆಯ ಕಡತ ತೆರೆದುಕೊಂಡಿತು. ಸಸಿ, ಹೂಳು, ಸೀಮೆಜಾಲಿ, ತೂಬು, ಸಾಲುಸಾಲಾಗಿ ಚುಕ್ಕಿಗಳು. ‘ಕುರಿ ಬಿಡದಿದ್ದರೆ ಕೆರೆ ತುಂಬಲು ಅನುಕೂಲ’ ಎನ್ನುವ ಸಾಲಿನ ಪಕ್ಕ ಚುಕ್ಕಿ ಇರಲಿಲ್ಲ. ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ಯಾರೂ ಕೈ ಎತ್ತಿರಲಿಲ್ಲ. ಊರವರ ಹೆಸರಿನಲ್ಲಿ ಯಂತ್ರವೇ ಹೌದು ಎಂದುಬಿಟ್ಟಿತ್ತು.

ಅದರ ಕೆಳಗೇ ಇನ್ನೊಂದು ಸಾಲಿತ್ತು. ಚುಕ್ಕಿ ಇಲ್ಲದವನ್ನು ಸಭೆಗೆ ಓದಿ ಹೇಳುತ್ತೀರಾ ಎಂದು ಅದು ಕೇಳಿದ್ದಕ್ಕೆ, ಬೇಡ ಎಂದು ಉತ್ತರ ಕೊಟ್ಟಿದ್ದರು. ಯಾರು ಎಂದರೆ ನಾನೇ. ಅದು ಆಗ ನೆನಪಾಯಿತು. ಊಟದ ಹೊತ್ತು ಮೀರಿತ್ತು, ಸಂಸ್ಥೆಯ ನಿರ್ದೇಶಕರು ಗಡಿಯಾರ ತೋರಿಸಿ “ಪೋದುಮಾ, ಸಾಪ್ಪಾಡು ಆರುದು” ಎಂದಿದ್ದರು. ಸಾಕು, ಊಟ ಆರುತ್ತಿದೆ. ನಾನು ಒಂದು ಕೀಲಿ ಒತ್ತಿ ಎದ್ದುಬಿಟ್ಟೆ. ಅನ್ನ ಸಾರಿಗಾಗಿ ಗುಡ್ಡ ಬಿಟ್ಟುಕೊಟ್ಟವಳು ನಾನು, ಬೈಯುತ್ತಿದ್ದುದು ಆ ಹುಡುಗಿಯನ್ನು.

ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದೆ: ಇಲ್ಲಿ ಆಪರೇಟರ್ ಚುಕ್ಕಿ ಇಲ್ಲದ ಸಾಲುಗಳನ್ನು ಸಭೆಗೆ ಓದಲಿಲ್ಲ, ಆಪರೇಟರ್ ನಾನು. ಎಲ್ಲವನ್ನೂ ಪ್ರಿಂಟ್ ಮಾಡಿಕೊಂಡು ಧರ್ಮಪುರಿಯ ಯೋಜನಾ ಕಚೇರಿಗೆ ಹೋದೆ. ಹುಡುಗಿಯ ಮೇಲಧಿಕಾರಿ ತಾಳ್ಮೆಯಿಂದಲೇ ಕೇಳಿಸಿಕೊಂಡರು. ಆಮೇಲೆ “ಲಾಜಿಕ್ ಕರೆಕ್ಟುದಾನೇ ಮೇಡಂ?” ಎಂದರು, ಯಂತ್ರದ ತರ್ಕ ಸರಿಯಾಗೇ ಇದೆಯಲ್ಲ ಎಂದು.

“ಮಾವನಿಗೆ ಸೊಸೆ ಕಂಡರೆ ಇಷ್ಟ, ಸೊಸೆಗೆ ತನ್ನ ತಮ್ಮನನ್ನು ಕಂಡರೆ ಇಷ್ಟ. ಹಾಗಂತ ಮಾವನಿಗೂ ಆ ತಮ್ಮನನ್ನು ಕಂಡರೆ ಇಷ್ಟ ಅಂತ ಕೇಳದೇ ಬರಕೊಳ್ತೀರಾ?” ಎಂದು ತಮಿಳಿನಲ್ಲಿ ಕೇಳಿದೆ. ಹುಡುಗಿ ನಕ್ಕಳು, ಅವರು ನಗಲಿಲ್ಲ. ದಾಖಲೆ ಚೆನ್ನಾಗಿದೆ, ಆದರೆ ಆಪರೇಟರ್ ತಪ್ಪಿನ ಆ ಒಂದು ಪುಟ ವೈಯಕ್ತಿಕವಾದದ್ದು, ತೆಗೆದುಬಿಡಿ ಎಂದರು. ನನ್ನ ತಪ್ಪನ್ನು ಬಚ್ಚಿಡುವ ಉಪಕಾರವನ್ನು ನಾನು ಕೇಳಿರಲಿಲ್ಲ. ಆ ಪುಟ ಇಲ್ಲದೆ ಒಂದು ಹಾಳೆಯೂ ನಿಮಗೆ ಸಿಗುವುದಿಲ್ಲ, ಇವನ್ನೇ ತೆಗೆದುಕೊಂಡು ಕಲೆಕ್ಟರ್ ಹತ್ತಿರ ಹೋಗುತ್ತೇನೆ ಎಂದೆ. ಆಡಬಾರದ ಮಾತು ಇನ್ನೂ ಒಂದೆರಡು ಆಡಿದೆ. ಕೊನೆಗೆ ಅವರು, ಬೇಲಿಯ ಕೆಲಸ ನಿಲ್ಲಿಸಿ ಸಭೆ ಕರೆಯುತ್ತೇವೆ, ಆ ಪ್ರಶ್ನೆಯನ್ನು ನೀವೇ ಕೇಳಿ ಎಂದರು.

ಸಭೆ ನಮ್ಮ ಹಟ್ಟಿಯ ಬೇವಿನ ಮರದ ಕೆಳಗೆ ಸೇರಿತು. ಗೆದ್ದವಳ ಹಾಗೆ ಲ್ಯಾಪ್‌ಟಾಪ್ ತೆರೆದು ಹಳೆಯ ಸಾಫ್ಟ್‌ವೇರ್ ಓಡಿಸಿದೆ. ಬೇಸಾಯದವರು ಒಂದು ಕಡೆ, ಕುರಿಯವರು ಒಂದು ಕಡೆ ಕೂತಿದ್ದರು. ಚಿಕ್ಕಮ್ಮ ಹಿಂದೆ ಜಗಲಿಯ ಮೇಲಿದ್ದಳು. ಗುಡ್ಡಕ್ಕೆ ಕುರಿ ಬಿಡದಿದ್ದರೆ ಕೆರೆ ತುಂಬಲು ಅನುಕೂಲವೇ ಎಂದು ಎರಡು ಭಾಷೆಯಲ್ಲೂ ಕೇಳಿದೆ. ನೀನು ಹೇಳು ಚಿಕ್ಕಮ್ಮ ಎಂದೆ.

“ಗಿಡ ತಲೆ ಮಟ್ಟ ಬರಾಗಂಟ ಮೂರು ಮಳೆಗಾಲ ಬಿಡಬ್ಯಾಡಿ ಅಂದಿದ್ರೆ ಬಿಡ್ತಿರ್ಲಿಲ್ಲ” ಎಂದಳು. “ಆಮ್ಯಾಕೆ ಕುರಿ ಗುಡ್ಡಕ್ಕೆ ಓದ್ರೆ ಕೆರೆಗೇನು? ಕೆರೆಗೂ ಕುರಿಗೂ ಜಗಳ ಇಲ್ಲ.”

ಬೇಸಾಯದವರಲ್ಲೂ ಕೆಲವರು ತಲೆಯಾಡಿಸಿದರು. ಇಲ್ಲ ಎನ್ನುವವರು ಕೈ ಎತ್ತಿ ಎಂದೆ. ಕೈಗಳು ಎದ್ದವು, ಹಟ್ಟಿಯ ಕಡೆಯಿಂದ ಎಲ್ಲವೂ, ಆ ಕಡೆಯಿಂದಲೂ ಅಷ್ಟಿಷ್ಟು. ಚಿಕ್ಕಮ್ಮನ ಕೈ ಮಡಿಲಲ್ಲೇ ಇತ್ತು. ಕೈ ಎತ್ತು ಚಿಕ್ಕಮ್ಮ ಎಂದೆ.

“ಕುರಿ ಇಲ್ದೋಳು ಯಾಕ್ ಎತ್ಲಿ? ಸುಣ್ಣ ಎಳ್ದ ವಾರವೇ ಎಲ್ಲಾನೂ ಲಾರಿಗೆ ಅತ್ಸಿಬಿಟ್ಟೆ. ಗುಡ್ಡ ಇಲ್ಲ ಅಂದ್ಮ್ಯಾಕೆ ಎಲ್ಲಿ ಮೇಯಿಸ್ಲಿ?”

ನನಗೆ ಗೊತ್ತೇ ಇರಲಿಲ್ಲ. ಆ ಒಂದೂವರೆ ತಿಂಗಳಲ್ಲಿ ನಾನು ಒಂದು ಸಲವೂ ಹಟ್ಟಿಗೆ ಬಂದಿರಲಿಲ್ಲ, ಫೋನೂ ಮಾಡಿರಲಿಲ್ಲ. ಬೇಲಿಯನ್ನು ತಡೆಯುತ್ತೇನೆ, ಕುರಿ ಮಾರಬೇಡ ಎಂದು ಒಂದು ಮಾತು ಹೇಳಿರಲಿಲ್ಲ.

ಚಿಕ್ಕಮ್ಮ ಎದ್ದು ಬಂದು ಲ್ಯಾಪ್‌ಟಾಪನ್ನು ಬಗ್ಗಿ ನೋಡಿದಳು. ದನಿ ಏರಿಸಲಿಲ್ಲ. “ಇದ್ರ ಮುಂದೇನೇ ಕುಂತಿದ್ಯಂತೆ ಇಷ್ಟು ದಿನ. ನನ್ನ ಒಂದು ಮಾತು ಕೇಳಾಕೆ ಈ ಪೆಟ್ಟಿ ಯಾಕ್ಲೇ ಬೇಕಿತ್ತು? ಬಸ್ ಅತ್ತಿ ಬಂದು ಕೇಳಿದ್ರೆ ಏಳ್ತಿರ್ಲಿಲ್ವಾ?”

ಅವಳು ಒಳಗೆ ಹೋದಳು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಎದ್ದಿದ್ದ ಕೈಗಳನ್ನು ಎಣಿಸಿ ‘ಇಲ್ಲ’ ಒತ್ತಿದೆ. ಆ ಎಣಿಕೆಯಲ್ಲಿ ಅವಳ ಕೈ ಇರಲಿಲ್ಲ.