ಗೌರಿ ಹಬ್ಬದ ಎರಡು ನೋಟು

ನಮ್ಮ ಕಡೆ ಗೌರಿ ಹಬ್ಬಕ್ಕೆ ಮುಂಚೆ, ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ತವರಿನಿಂದ ಅರಿಶಿನ-ಕುಂಕುಮ ಬರಬೇಕು. ಅರಿಶಿನ-ಕುಂಕುಮ ಅನ್ನುವುದು ಹೆಸರಿಗೆ. ಬರಬೇಕಾದ್ದು ದುಡ್ಡು, ಜೊತೆಗೆ ಒಂದು ರವಿಕೆ ಕಣ, ಬಾಳೆಹಣ್ಣು, ಒಂದು ಡಜನ್ ಬಳೆ. ಅದನ್ನು ಫೋನಿನಲ್ಲಿ ಕಳಿಸುವ ಹಾಗಿಲ್ಲ. ಅಪ್ಪನೋ ತಮ್ಮನೋ ಮನೆಗೆ ಬಂದು, ಅತ್ತೆ ನೋಡುತ್ತಿರುವಾಗ ಕೈಗೆ ಕೊಡಬೇಕು. ಬರದೇ ಹೋದರೆ ಆ ಹೆಣ್ಣು ಮುಂದಿನ ಗೌರಿಯವರೆಗೆ ಮಾತು ಕೇಳಿಸಿಕೊಂಡೇ ಇರಬೇಕು.

ನನಗೆ ಅಣ್ಣತಮ್ಮಂದಿರಿಲ್ಲ. ಅಕ್ಕಿಹೆಬ್ಬಾಳಿನಿಂದ ಅಪ್ಪನೇ ಬರುತ್ತಾನೆ. ಎಂಬತ್ತು ದಾಟಿದ್ದಾನೆ. ಹನ್ನೊಂದು ವರ್ಷದಿಂದ ಅವನು ಕೆ.ಆರ್. ಪೇಟೆಯ ನಮ್ಮ ಮನೆಗೆ ತಂದುಕೊಡುತ್ತಿರುವ ಸಾವಿರ ರೂಪಾಯಿ ನನ್ನದೇ.

ಅವ್ವನ ಆಪರೇಷನ್ನಿಗೆ ಅಂತ ಇದ್ದೊಂದು ಗದ್ದೆಯನ್ನೂ ಮಾರಿದ ವರ್ಷ ಅಪ್ಪ ಬರಲಿಲ್ಲ. ನನ್ನ ಅತ್ತೆ ಪಕ್ಕದ ಮನೆಯವಳಿಗೆ ನನಗೂ ಕೇಳುವ ಹಾಗೆ, "ಇವ್ಳಿಗೆ ತವರು ಅನ್ನೋದು ಮುಗ್ದೋಯ್ತು ಬುಡು" ಅಂದರು. ಮಾರನೇ ವರ್ಷ ಹಬ್ಬಕ್ಕೆ ಒಂದು ವಾರ ಇರುವಾಗ ನಾನೇ ಬಸ್ಸು ಹತ್ತಿ ಹೋಗಿ ಅವ್ವನ ಕೈಗೆ ದುಡ್ಡು ತುರುಕಿ, "ಅಪ್ಪನ್ ಕೈಲಿ ಕಳ್ಸವ್ವ" ಅಂದು ಬಂದೆ. ಅಲ್ಲಿಂದ ಶುರುವಾಯಿತು ಈ ನಾಟಕ. ಅಪ್ಪ ಬರುವುದು, ಜಗುಲಿಯಲ್ಲಿ ಕೂತು ಕಾಫಿ ಕುಡಿಯುವುದು, ಎಲೆ ಅಡಿಕೆ ಮೇಲೆ ನೋಟಿಟ್ಟು ನನ್ನ ದುಡ್ಡನ್ನು ನನಗೇ ಕೊಡುವುದು, ನಾನು ಅವನ ಕಾಲಿಗೆ ಬೀಳುವುದು. ವರ್ಷಗಳು ಕಳೆದಂತೆ ಅವನ ಗತ್ತು ಜಾಸ್ತಿಯಾಯಿತು. ಒಮ್ಮೆಯಂತೂ, "ಮುಂದಿನ್ ಸತಿ ಜಾಸ್ತಿ ಮಾಡ್ತೀನಿ ಕಣವ್ವ" ಅಂದುಬಿಟ್ಟ. ನನಗೆ ಮೈ ಉರಿದುಹೋಯಿತು.

ನಾನು ಹೊಲಿಗೆಯವಳು. ಮನೆಯ ಮುಂದಿನ ಕೋಣೆಯಲ್ಲೇ ಮಿಷನ್ನು. ಮೂವತ್ತು ವರ್ಷ ರವಿಕೆ ಹೊಲಿದಿದ್ದೇನೆ. ಗಂಡ ಅಕ್ಕಿ ಮಿಲ್ಲಿನಲ್ಲಿ ಕೆಲಸಕ್ಕಿದ್ದಾರೆ. ಅವರ ಸಂಬಳ ಮನೆ ಬಾಡಿಗೆಗೂ ಅತ್ತೆಯ ಬಿ.ಪಿ. ಮಾತ್ರೆಗೂ ಆಗುತ್ತದೆ. ಉಳಿದದ್ದೆಲ್ಲ ಮಿಷನ್ನಿನ ಕೆಳಗಿಂದ ಬರಬೇಕು. ಅಪ್ಪನ ಸಕ್ಕರೆ ಕಾಯಿಲೆಯ ಔಷಧಿ, ಅವರಿಬ್ಬರ ರೇಷನ್ನು, ಗ್ಯಾಸು. ಜೊತೆಗೆ ಇಪ್ಪತ್ತೆಂಟು ವರ್ಷದ ಮಗ. ಆರು ವರ್ಷದಿಂದ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿದ್ದಾನೆ. ಒಂದು ಪರೀಕ್ಷೆ ಮುಂದಕ್ಕೆ ಹೋದರೆ ಇನ್ನೊಂದಕ್ಕೆ ಅರ್ಜಿ. ಓದುತ್ತಾನೆ, ಸುಳ್ಳು ಹೇಳಬಾರದು. ಆದರೆ ಅವನ ಓದಿಗೂ ನಾನೇ ಮಿಷನ್ನು ತುಳಿಯಬೇಕು.

ಹೋದ ವರ್ಷ ಮೊಣಕಾಲು ಊದಿಕೊಂಡು ಕೂತಲ್ಲಿಂದ ಏಳಲು ಆಗಲಿಲ್ಲ. ಡಾಕ್ಟರು ನೋಡಿ, "ತುಳಿಯೋದು ನಿಲ್ಸಿ, ಮಿಷನ್ನಿಗೆ ಮೋಟರ್ ಹಾಕಿಸ್ಕೊಳಿ" ಅಂದರು. ಮೋಟರಿಗೆ ಮೂರೂವರೆ ಸಾವಿರ. ಗಿರಾಕಿಗಳು ಕೊಟ್ಟ ನೋಟುಗಳನ್ನು ನಾನು ಮೊದಲಿನಿಂದಲೂ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಡಬ್ಬಿಯಲ್ಲೇ ಇಡುವುದು. ಮೋಟರಿನ ದುಡ್ಡೂ ಅದರಲ್ಲೇ ಸೇರತೊಡಗಿತು. ಈ ಸಲ ಗೌರಿ ಬಂದಾಗ ನಾನು ಗಟ್ಟಿ ಮನಸ್ಸು ಮಾಡಿದೆ. ಅವ್ವನಿಗೆ ಫೋನು ಮಾಡಿ, "ಈ ವರ್ಸ ನನ್ ಕೈಲಿ ಆಗಾಕಿಲ್ಲ ಕಣವ್ವ. ಔಸ್ದಿ ದುಡ್ಡು ಕಳುಸ್ತೀನಿ, ಅರಿಸ್ನ-ಕುಂಕ್ಮದ್ದು ಆಗಲ್ಲ. ಅಪ್ಪ ಬರದು ಬ್ಯಾಡ" ಅಂದೆ. "ಸರಿ ಬುಡವ್ವ" ಅಂದಳು. ಅತ್ತೆ ಏನಾದರೂ ಅನ್ನಲಿ, ಐವತ್ತನಾಲ್ಕು ವರ್ಷದವಳಿಗೆ ಯಾವ ತವರು ಎಂದುಕೊಂಡೆ.

ಹಬ್ಬಕ್ಕೆ ಎರಡು ದಿನವಿದೆ ಅನ್ನುವಾಗ ಅಪ್ಪ ಬಂದ. ಇಸ್ತ್ರಿ ಮಾಡಿದ ಪಂಚೆ, ಕೈಯಲ್ಲಿ ಬ್ಯಾಗು. ಬಾಳೆಹಣ್ಣು, ಬಳೆ, ಕಣ ಎಲ್ಲ ಇತ್ತು. ನನ್ನ ಎದೆ ಒಂದು ಕ್ಷಣ ಹಿಗ್ಗಿತು, ಯಾಕೆ ಮುಚ್ಚಿಡಲಿ. ಎಲ್ಲಿಂದಲೋ ಹೊಂದಿಸಿದ್ದಾನೆ, ಈ ಒಂದು ವರ್ಷವಾದರೂ ನನಗೆ ಅಪ್ಪ ಕೊಟ್ಟ ದುಡ್ಡು ಅಂತ ಸಿಗುತ್ತದೆ ಅನ್ನಿಸಿ ಕಣ್ಣು ತುಂಬಿತು. ಅವನು ಎಲೆಯ ಮೇಲೆ ಐನೂರರ ಎರಡು ನೋಟಿಟ್ಟು ಕೊಟ್ಟ. ಎರಡರ ಅಂಚಿನಲ್ಲೂ ನೀಲಿ ಸೀಮೆಸುಣ್ಣದ ಪುಡಿ ಮೆತ್ತಿತ್ತು.

ಮೂರು ದಿನದ ಹಿಂದೆ ಮಗ ಅರ್ಜಿ ಹಾಕಬೇಕು, ಪುಸ್ತಕ ತರಬೇಕು ಅಂದಾಗ ಡಬ್ಬಿಯಿಂದ ತೆಗೆದುಕೊಟ್ಟ ನೋಟುಗಳು ಅವು. ಬಾಗಿಲಲ್ಲಿ ನಿಂತಿದ್ದ ಅವನ ಕಡೆ ನೋಡಿದೆ. ತಲೆ ತಗ್ಗಿಸಿದ.

"ನಾನಿರೋಗಂಟ ನಿನ್ಗೆ ತಪ್ಸಾಕಿಲ್ಲ ಕಣವ್ವ" ಎಂದ ಅಪ್ಪ. ಅತ್ತೆ, "ಈ ವಯಸ್ನಾಗೂ ಬಂದವ್ರೆ ನೋಡು, ಬೀಗ್ರು ಅಂದ್ರೆ ಇಂಗಿರ್ಬೇಕು" ಅಂದರು. ನನ್ನ ನಾಲಿಗೆಯ ತುದಿಗೆ ಬಂದಿತ್ತು, ಇದು ನನ್ನ ದುಡ್ಡು ಅಂತ. ಅಪ್ಪನ ಕೈ ಇನ್ನೂ ಚಾಚಿಯೇ ಇತ್ತು. ತೆಗೆದುಕೊಂಡೆ. ಬಗ್ಗಿ ಕಾಲು ಮುಟ್ಟಿದಾಗ ಮೊಣಕಾಲು ಚುಳುಕ್ಕೆಂದಿತು.

ಅವನು ಹೋದ ಮೇಲೆ ಮಗನನ್ನು ಹಿಡಿದುಕೊಂಡೆ. "ಯಾಕ್ಲಾ ಕೊಟ್ಟೆ?"

"ತಾತ ಫೋನ್ ಮಾಡಿ ಅತ್ಬುಟ್ರು ಕಣವ್ವ. ಪಾಪ ಅನ್ನಿಸ್ತು. ಬಸ್ ಸ್ಟ್ಯಾಂಡ್‌ಗೋಗಿ ಕೊಟ್ಬಂದೆ."

ಅವನಿಗೆ ತಾತನ ಮೇಲೆ ಪಾಪ ಅನ್ನಿಸಿತು. ನನ್ನ ದುಡ್ಡಿನಲ್ಲಿ ಎಲ್ಲರಿಗೂ ಎಲ್ಲರ ಮೇಲೂ ಪಾಪ ಅನ್ನಿಸುತ್ತದೆ. "ಮತ್ತೆ ಅರ್ಜಿ?" ಅಂದೆ. "ಇನ್ನೂ ಹಾಕಿಲ್ಲ, ಟೈಮದೆ" ಅಂದ. ಡಬ್ಬಿ ತೆಗೆದು ಇನ್ನೊಂದು ಸಾವಿರ ಕೊಟ್ಟೆ.

ಅಷ್ಟರಲ್ಲಿ ನಾಗಮಂಗಲಕ್ಕೆ ಕೊಟ್ಟಿರುವ ಮಗಳ ಫೋನು. ಅವಳು ಅಲ್ಲೊಂದು ಖಾಸಗಿ ಶಾಲೆಯಲ್ಲಿ ಟೀಚರು, ಸಂಬಳ ಗಂಡನ ಮನೆಗೆ. "ಅವ್ವ, ಈ ಸತಿ ಎರಡು ಸಾವ್ರ ಮಾಡು. ನಮ್ ಓರಗಿತ್ತಿಗೆ ಮೂರು ಬಂದದೆ" ಅಂದಳು. ಅವಳ ಅಪ್ಪನಿಗೆ ಮಿಲ್ಲಿನಲ್ಲಿ ರಜೆ ಸಿಗುವುದಿಲ್ಲ. ಅಣ್ಣನಿಗೆ ಕೆಲಸ ಸಿಗುವವರೆಗೆ ಬೀಗರ ಮನೆಗೆ ಹೋಗಲು ನಾಚಿಕೆ. ಹಾಗಾಗಿ ಪ್ರತಿವರ್ಷ ಹೊರಡುವವಳು ನಾನೇ.

ಮಾರನೇ ದಿನ ಅಪ್ಪ ಕೊಟ್ಟ ಎರಡು ನೋಟಿಗೆ ಡಬ್ಬಿಯಲ್ಲಿದ್ದ ಇನ್ನೆರಡು ಸೇರಿಸಿ, ಕಣ, ಬಳೆ ಕಟ್ಟಿಕೊಂಡು ಬಸ್ಸು ಹತ್ತಿದೆ. ಮೋಟರಿಗೆಂದು ಉಳಿದದ್ದು ಇನ್ನೂರು ಚಿಲ್ಲರೆ. ಮಗಳ ಮನೆ ಮಹಡಿಯ ಮೇಲೆ. ಒಂದೊಂದೇ ಮೆಟ್ಟಿಲಿಗೆ ಎರಡು ಕಾಲೂ ಇಟ್ಟುಕೊಂಡು ಹತ್ತಿದೆ. ಬೀಗಿತಿಯ ಮುಂದೆ ಎಲೆ ಅಡಿಕೆಯ ಮೇಲೆ ನಾಲ್ಕು ನೋಟಿಟ್ಟು ಮಗಳಿಗೆ ಕೊಟ್ಟೆ. ಅವಳು ಕಾಲಿಗೆ ಬಿದ್ದಳು. ಬೀಗಿತಿ ಕಣ್ಣಲ್ಲೇ ಎಣಿಸಿ ಕಾಫಿ ಮಾಡಿಸಿದರು.

ಕಾಫಿ ಲೋಟ ಇಡಲು ಅಡುಗೆಮನೆಗೆ ಹೋದಾಗ ಮಗಳು ಬಾಗಿಲು ಅರ್ಧ ಮುಂದೆ ಮಾಡಿದಳು. ನಾನು ಹತ್ತಿ ಬಂದದ್ದನ್ನು ಮೇಲಿನಿಂದ ನೋಡಿದ್ದಳಂತೆ. ದನಿ ತಗ್ಗಿಸಿ, "ಅವ್ವ, ಮುಂದಿನ್ ವರ್ಸದಿಂದ ನಿಂಗೆ ಈ ತೊಂದ್ರೆ ಬ್ಯಾಡ. ಸಂಬಳದಾಗೆ ಒಸಿ ಎತ್ತಿಟ್ಟು ನಾನೇ ಮುಂಚೆ ನಿಂಗೆ ಕಳುಸ್ಬುಡ್ತೀನಿ. ನೀನು ಅದ್ನೇ ತಂದು ಅತ್ತೆ ಮುಂದೆ ಕೊಡು, ಸಾಕು. ಯಾರ್ಗೂ ಗೊತ್ತಾಗಾಕಿಲ್ಲ" ಅಂದಳು.

ಪ್ರೀತಿಯಿಂದಲೇ ಅಂದಳು. ಹನ್ನೊಂದು ವರ್ಷದ ಹಿಂದೆ ಅವ್ವನ ಕೈಗೆ ದುಡ್ಡು ತುರುಕುವಾಗ ನಾನೂ ಪ್ರೀತಿಯಿಂದಲೇ ತುರುಕಿದ್ದೆ. ಅದನ್ನು ಇಸಿದುಕೊಳ್ಳುವವರಿಗೆ ಹೇಗಿರುತ್ತದೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಆ ಅಡುಗೆಮನೆಯಲ್ಲಿ ಸಿಂಕಿನ ಮುಂದೆ ನಿಂತಾಗ ಗೊತ್ತಾಯಿತು. ಮುಖಕ್ಕೆ ಕಾದ ನೀರು ಎರಚಿದ ಹಾಗಿತ್ತು.

ಲೋಟ ತೊಳೆದಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, "ಏನೂ ಬ್ಯಾಡ. ನಾನಿರೋಗಂಟ ನಿನ್ಗೆ ತಪ್ಸಾಕಿಲ್ಲ ಕಣವ್ವ" ಅಂದೆ.